ಚಾವಡಿಯಲ್ಲಿ ಅಮ್ಮ ಉಂಡ ರಾತ್ರಿ

ಪ್ರಿಯ ಗೆಳೆಯಾ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ ಮಾತಿಗೆ ನಾನು ಉತ್ತರ ಕೊಡದೆ ಮಳೆಯ ಸುದ್ದಿಗೆ ಹೊರಳಿದೆ. "ನಮ್ಮ ಚಾವಡಿಯಲ್ಲಿ ಅನ್ನ ಮಾರುತ್ತಾರಂತೆ, ಹೌದಾ?" ಎಂದು ಕೇಳಿದ್ದೆ. ಸಿಟ್ಟಿನಿಂದ ಕೇಳಿದ್ದರೆ ಅಲ್ಲೇ ಏನಾದರೂ ಹೇಳುತ್ತಿದ್ದೆ. ನಿನ್ನ ದನಿಯಲ್ಲಿ ಇದ್ದದ್ದು ನೋವು. ಅದಕ್ಕೆ ಫೋನಿನಲ್ಲಿ ಉತ್ತರ ಸಾಲದು ಎನ್ನಿಸಿತು. ಎದುರು ಸಿಕ್ಕರೆ ನಾವಿಬ್ಬರೂ ತುಳುವಿನಲ್ಲೇ ಮಾತಾಡುತ್ತೇವೆ. ಆದರೆ ಮನಸ್ಸಿನಲ್ಲಿದ್ದದ್ದನ್ನು ಬರೆಯಲು ಕುಳಿತಾಗ ಕೈಗೆ ಬರುವುದು ಒಂದೇ ಬೆಂಚಿನಲ್ಲಿ ಕುಳಿತು ಕಲಿತ ಕನ್ನಡ. ಹಾಗಾಗಿ ಬರೆಯುತ್ತಿದ್ದೇನೆ. ನಿನ್ನ ಕುಟುಂಬದ ಉಳಿದವರೂ ಓದಲಿ ಎಂದೇ ಇದನ್ನು ಎಲ್ಲರಿಗೂ ಕಾಣುವ ಹಾಗೆ ಇಡುತ್ತಿದ್ದೇನೆ.

ಹೌದು, ಮಾರುತ್ತಾರೆ. ನೀವು ಮಾರಿದ ಹಿರಿಯರ ಮನೆ ಈಗ ಹೋಟೆಲು, ಅದರ ಚಾವಡಿಯ ದೊಡ್ಡ ಪಡಸಾಲೆಯಲ್ಲೇ ಊಟ. ನಾನು ಹೋಗಿ ಉಂಡು ಬಂದೆ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ.

ನೀನು ಕೊನೆಯ ಸಲ ಬಂದದ್ದು ಮಾರಾಟದ ಕಾಗದಕ್ಕೆ ಸಹಿ ಹಾಕಲು. ಅಳಿಯಕಟ್ಟಿನ ಮನೆ, ತಾಯಂದಿರ ಕಡೆಯಿಂದ ಕವಲೊಡೆದ ಪಾಲುದಾರರು ಹತ್ತೊಂಬತ್ತು ಮಂದಿ. ಮುಂಬಯಿ, ಬೆಂಗಳೂರು, ದುಬೈ ಎಂದು ಹಂಚಿಹೋದವರು. ಅಂದು ನೀನು ಅಂಗಳದಲ್ಲಿ ನಿಂತು ಹಂಚಿನ ಮಾಡಿನ ಕಡೆಗೆ ಒಮ್ಮೆ ನೋಡಿ, ಒಳಗೆ ಕಾಲಿಡದೆ ಹಿಂದಿರುಗಿದೆ. ಒಳಗೆ ಹೋಗಿದ್ದರೆ ಏನು ಕಾಣುತ್ತಿತ್ತು ಎಂಬುದನ್ನು ಈಗ ಹೇಳುತ್ತೇನೆ. ಆಗ ಹೇಳುವ ಧೈರ್ಯ ಇರಲಿಲ್ಲ.

ಇಂಥ ಮನೆಗಳು ಒಂದೇ ದಿನ ಬೀಳುವುದಿಲ್ಲ. ಮಂಗ ಹಾರಿಯೋ ತೆಂಗಿನಕಾಯಿ ಬಿದ್ದೋ ಒಂದು ಹಂಚು ಜಾರುತ್ತದೆ. ಜನ ಇರುವ ಮನೆಯಲ್ಲಿ ಮಳೆಗಾಲಕ್ಕೆ ಮೊದಲು ಯಾರಾದರೂ ಏಣಿ ಇಟ್ಟು ಅದನ್ನು ಸರಿಮಾಡುತ್ತಾರೆ. ಜನವಿಲ್ಲದ ಮನೆಯಲ್ಲಿ ಅದೇ ಸಂದಿನಿಂದ ನೀರು ಹಂಚಿನಡಿಯ ರೀಪಿಗೆ, ರೀಪಿನಿಂದ ಅದನ್ನು ಹೊತ್ತ ಮರದ ಪಕ್ಕಾಸಿಗೆ, ಪಕ್ಕಾಸಿನಿಂದ ಗೋಡೆಯ ತಲೆಗೆ ಇಳಿಯುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನ ಕಡೆಯ ಊರು ನಮ್ಮದು. ಮೂರು ಮಳೆಗಾಲ ಸಾಕು. ಒಲೆ ಉರಿಯದಿದ್ದರೆ ಇನ್ನೊಂದು ಕೇಡು. ನಿಮ್ಮ ಅಡುಗೆಮನೆಯ ಪಕ್ಕಾಸುಗಳು ಮಸಿ ಹಿಡಿದು ಕಪ್ಪಾಗಿದ್ದವಲ್ಲ, ಆ ಹೊಗೆಯೇ ಅವುಗಳಿಗೆ ಕಾವಲು. ಹೊಗೆ ನಿಂತ ಮೇಲೆ ಗೆದ್ದಲು ಮೊದಲು ಬಂದದ್ದು ಅಲ್ಲಿಗೆ. ಭತ್ತ ತುಂಬಿಡುವ ಪತ್ತಾಯದ ಅಡಿಹಲಗೆ ಪುಡಿಯಾಗಿತ್ತು. ಉಪ್ಪರಿಗೆಯ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ಕಾಲೇ ಒಳಗೆ ಹೋಗುತ್ತಿತ್ತು. ಚಾವಡಿಯ ಉತ್ತರದ ಗೋಡೆ ಒಂದು ಗೇಣಿನಷ್ಟು ಹೊರಗೆ ವಾಲಿತ್ತು.

ಆ ಗೋಡೆಯ ಬಗ್ಗೆ ನಿನ್ನಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. 1988ರ ಬೇಸಗೆಯಲ್ಲಿ ನಿನ್ನ ದೊಡ್ಡಮಾವ ನನ್ನನ್ನು ಕರೆಸಿ, ಗೋಡೆಯ ಸುಣ್ಣದ ಗಾರೆ ಉದುರುತ್ತಿದೆ, ಏನು ಮಾಡಲಿ ಎಂದು ಕೇಳಿದ್ದರು. ನಾನು ಆಗಷ್ಟೇ ಓವರ್ಸಿಯರ್ ಕೆಲಸಕ್ಕೆ ಸೇರಿದವನು. ಸಿಮೆಂಟ್ ಬಳಿಯಿರಿ, ನೂರು ವರ್ಷ ಗೋಡೆಯ ಕಡೆಗೆ ನೋಡಬೇಕಾಗಿಲ್ಲ ಎಂದೆ. ನನ್ನ ಮಾತಿಗೆ ಅವರು ಬೆಲೆ ಕೊಟ್ಟರು. ಗೇಣಿ ಒಕ್ಕಲಿನ ಮಗನ ಮಾತಿಗೆ ಆ ಚಾವಡಿಯಲ್ಲಿ ಬೆಲೆ ಬಂದದ್ದು ಅದೇ ಮೊದಲು. ಅದಕ್ಕೇ ಆ ದಿನ ನನಗೆ ಚೆನ್ನಾಗಿ ನೆನಪಿದೆ. ಆದರೆ ಸಲಹೆ ತಪ್ಪಾಗಿತ್ತು. ಮುರಕಲ್ಲು ರಂಧ್ರಗಳ ಕಲ್ಲು, ನೆಲದ ತೇವವನ್ನು ಹೀರಿಕೊಳ್ಳುತ್ತದೆ. ಸುಣ್ಣದ ಗಾರೆ ಆ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರು ಒಳಗೇ ಕೂಡಿ ಕಲ್ಲುಗಳ ನಡುವಿನ ಮಣ್ಣನ್ನು ಕರಗಿಸಿತು. ಮೂವತ್ತು ವರ್ಷಗಳಲ್ಲಿ ಗೋಡೆ ಹೊರಗಿನಿಂದ ಗಟ್ಟಿಯಾಗಿಯೇ ಕಂಡಿತು, ಒಳಗಿನಿಂದ ಟೊಳ್ಳಾಯಿತು.

ಈ ಮನೆ ಕೊಂಡ ದಂಪತಿ ನನ್ನ ಬಾಗಿಲಿಗೆ ಬಂದಾಗ ನಾನು ಒಪ್ಪಿದ್ದು ಆ ಗೋಡೆಗಾಗಿ. ಅವರು ಕೆಡವಿ ಕಟ್ಟುವವರಾಗಿದ್ದರೆ ಹೋಗುತ್ತಿರಲಿಲ್ಲ. ಆಕೆ ಮಂಜೇಶ್ವರದ ಕಡೆಯ ಹುಡುಗಿ, ದೊಡ್ಡ ಹೋಟೆಲುಗಳ ಅಡುಗೆಮನೆಗಳಲ್ಲಿ ಹದಿನೈದು ವರ್ಷ ದುಡಿದವಳು. ಆತ ಮರದ ಕೆಲಸ ಬಲ್ಲವನು. ಎರಡು ಬೇಸಗೆ ಕೆಲಸ ನಡೆಯಿತು. ಸಿಮೆಂಟನ್ನು ಉಳಿ ಹಿಡಿದು ಅಂಗೈಯಗಲವಾಗಿ ಕೆತ್ತಿ ತೆಗೆಸಿದೆವು. ಯಂತ್ರ ಮುಟ್ಟಿಸಲು ನಾನು ಬಿಡಲಿಲ್ಲ. ವಾಲಿದ ಗೋಡೆಯ ಒಂದೊಂದು ಕಲ್ಲಿಗೂ ಸೀಮೆಸುಣ್ಣದಲ್ಲಿ ಅಂಕೆ ಬರೆದು ಬಿಚ್ಚಿ, ಅದೇ ಕಲ್ಲನ್ನು ಅದೇ ಜಾಗದಲ್ಲಿ ಮತ್ತೆ ಕೂರಿಸಿದೆವು. ಒಡೆದವುಗಳಿಗೆ ಮಾತ್ರ ಹೊಸ ಕಲ್ಲು. ಹೊಸದಾಗಿ ಕಡಿದ ಮುರಕಲ್ಲು ಕೊಡಲಿಗೆ ಒಗ್ಗುವಷ್ಟು ಮೆದು, ಗಾಳಿ ಬಡಿದಂತೆ ಗಟ್ಟಿಯಾಗುತ್ತದೆ. ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕತ್ತರಿಸುವುದನ್ನು ಮಲಬಾರಿನಲ್ಲಿ ಕಂಡೇ ಈಸ್ಟ್ ಇಂಡಿಯಾ ಕಂಪನಿಯ ಸರ್ವೆಗೆ ಬಂದಿದ್ದ ಬುಕಾನನ್ ಅದಕ್ಕೆ ಲ್ಯಾಟಿನ್‌ನ ಇಟ್ಟಿಗೆಯ ಹೆಸರು ಹಿಡಿದು ಲ್ಯಾಟರೈಟ್ ಎಂದು ಕರೆದ, 1807ರಲ್ಲಿ. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ್ದ ನನಗೆ ಆ ಕಲ್ಲಿನ ಗುಣ ಅರ್ಥವಾಗಲು ಅರುವತ್ತು ದಾಟಬೇಕಾಯಿತು.

ಸುಣ್ಣಕ್ಕೆ ಅಲೆದಾಡಿದೆವು. ಅಳಿವೆಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವೇ ಬೇಕೆಂದು ನಾನು ಹಟ ಹಿಡಿದೆ. ಅದನ್ನು ನೀರಲ್ಲಿ ಅರಳಿಸಿ, ಹೊಯಿಗೆ ಬೆರೆಸಿ, ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ವಾರಗಟ್ಟಲೆ ಕೊಳೆಯಲು ಬಿಟ್ಟೆವು. ಗಾರೆಯ ಗುಂಡಿಯಿಂದ ಬರುತ್ತಿದ್ದ ಹುಳಿಬೆಲ್ಲದ ವಾಸನೆಗೆ ಊರಿನ ಇರುವೆಗಳೆಲ್ಲ ಸೇರಿದ್ದವು. ಮಾಡಿನ ಹಂಚುಗಳನ್ನು ಇಳಿಸಿದಾಗ ಮುಕ್ಕಾಲು ಪಾಲು ಇನ್ನೂ ಬಳಸುವಂತಿದ್ದವು. ಬೆನ್ನಿನಲ್ಲಿ ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಷನ್ನಿನ ಮುದ್ರೆ ಇದ್ದದ್ದು ಕೆಲವು. ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ನಮ್ಮ ಸೀಮೆಯಲ್ಲಿ ದೊಡ್ಡ ಮನೆಗಳಿಗೂ ಮುಳಿಹುಲ್ಲಿನ ಮಾಡು ಇರುತ್ತಿತ್ತು. ಪಕ್ಕಾಸುಗಳ ತುದಿಯಲ್ಲಿ ಗೆದ್ದಲು ತಿಂದಷ್ಟನ್ನು ಕತ್ತರಿಸಿ ಹಲಸಿನ ಹೊಸ ಮರದ ತುಂಡು ಬೆಸೆದು, ಎಲ್ಲಕ್ಕೂ ಗೇರುಸಿಪ್ಪೆಯ ಎಣ್ಣೆ ಬಳಿದರು. ಹೊಸ ತುಂಡಿನ ಬಣ್ಣ ಬೇರೆಯಾಗಿಯೇ ಕಾಣುತ್ತದೆ. ಮರೆಮಾಚಬೇಡಿ ಎಂದು ಆಕೆಯೇ ಹೇಳಿದಳು. ಆ ಮಾತು ಕೇಳಿದ ದಿನ ನನಗೆ ಈ ಜನದ ಮೇಲೆ ಪೂರ್ತಿ ನಂಬಿಕೆ ಬಂತು.

ದೈವದ ಗುಡಿಯ ಚಿಂತೆ ಬೇಡ. ಮಾರಾಟದ ಕಾಗದದಲ್ಲಿ ನೀವು ಹೊರಗಿಟ್ಟಷ್ಟು ಜಾಗಕ್ಕೆ ಪಾಗಾರ ಹಾಕಿ, ಬೇರೆ ದಾರಿ ಬಿಟ್ಟಿದ್ದಾರೆ. ಈ ವರ್ಷ ದೈವಕ್ಕೆ ಕೊಟ್ಟ ತಂಬಿಲದ ಪೂಜೆಗೆ ದೀಪದ ಎಣ್ಣೆ ಅವರೇ ಕೊಟ್ಟರು.

ಇನ್ನು ಊಟದ ವಿಷಯ. ನೀನು ಹೇಳಿದ್ದು ನಿಜ, ಆ ಮನೆಯಲ್ಲಿ ಯಾರೂ ಅನ್ನ ಮಾರಿದವರಲ್ಲ. ಬಂದವರಿಗೆ ಬಡಿಸಿ ಕಳುಹಿಸಿದ ಮನೆ. ನೀನು ಚಾವಡಿಯ ಒಳಗಿನಿಂದ ಅದನ್ನು ಕಂಡವನು. ನಾನು ಅಂಗಳದಿಂದ ಕಂಡದ್ದನ್ನೂ ಹೇಳುತ್ತೇನೆ, ಬೇಸರಿಸಬೇಡ. ನಮ್ಮದು ಚಾಲಗೇಣಿ, ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ. ಸುಗ್ಗಿ ಮುಗಿದೊಡನೆ ಅಪ್ಪ ಅಕ್ಕಿಯ ಮುಡಿ ಹೊತ್ತು ನಿಮ್ಮ ಅಂಗಳಕ್ಕೆ ಬರುತ್ತಿದ್ದ. ಒಂದು ಮುಡಿ ಎಂದರೆ 42 ಸೇರು. ಬೈಹುಲ್ಲಿನ ಹಗ್ಗ ಬಿಗಿದು ಗುಂಡಗೆ ಕಟ್ಟಿದ ಆ ಮುಡಿಗಳನ್ನು ಎಣಿಸುತ್ತಾ ನಾನು ಅಂಕೆ ಕಲಿತೆ. ಅಮ್ಮ ನಿಮ್ಮ ಹಿಂದಿನ ಕೊಟ್ಟಿಗೆಯಲ್ಲಿ ಭತ್ತ ಕುಟ್ಟುತ್ತಿದ್ದಳು. ಕೂಲಿಗೆ ನುಚ್ಚು, ತೌಡು, ಒಂದಷ್ಟು ಅಕ್ಕಿ, ಮಧ್ಯಾಹ್ನ ಒಂದು ಊಟ. ಆ ಊಟ ಹಿಂದಿನ ಜಗಲಿಯ ಮೂರನೆಯ ಕಂಬದ ಬಳಿ, ಬಾಳೆಲೆಯಲ್ಲಿ. ಉಂಡ ಜಾಗಕ್ಕೆ ಸೆಗಣಿ ಸಾರಿಸಿ ಹೋಗಬೇಕಿತ್ತು. ನಿನ್ನ ಅಜ್ಜಿ ಕೆಟ್ಟವರಲ್ಲ. ಅಮ್ಮನಿಗೆ ಹೆರಿಗೆಯಾದಾಗ ಕಷಾಯ ಕಳುಹಿಸಿದವರು ಅವರೇ. ಆದರೆ ಹೊಸ್ತಿಲು ಹೊಸ್ತಿಲಾಗಿಯೇ ಇತ್ತು.

1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಇಲ್ಲವಾಯಿತು. ಉತ್ತ ಹೊಲ ನಮ್ಮದಾಯಿತು. ನಾನು ಓದಿದ್ದು, ಕೆಲಸಕ್ಕೆ ಸೇರಿದ್ದು ಆ ಹೊಲದಿಂದ. ನಿಮ್ಮ ಪತ್ತಾಯ ಬರಿದಾದದ್ದೂ, ಅಷ್ಟು ದೊಡ್ಡ ಮಾಡನ್ನು ವರ್ಷವರ್ಷ ಕೈಯಾಡಿಸುವ ಶಕ್ತಿ ಮನೆಗೆ ಉಳಿಯದೇ ಹೋದದ್ದೂ ಅದರಿಂದಲೇ. ನಮ್ಮ ಮನೆ ಎದ್ದದ್ದು ಮತ್ತು ನಿಮ್ಮ ಮನೆ ಸೋರತೊಡಗಿದ್ದು ಒಂದೇ ಕಾನೂನಿನ ಎರಡು ಮಗ್ಗುಲು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಬೆಳೆದೆವು, ಇದರ ಬಗ್ಗೆ ಮಾತ್ರ ಒಮ್ಮೆಯೂ ಮಾತಾಡಲಿಲ್ಲ.

ಮನೆ ತೆರೆದ ದಿನ ಕೆಲಸ ಮಾಡಿದವರಿಗೆಲ್ಲ ಊಟ ಇತ್ತು. ನಾನು ಹೋಗಲಿಲ್ಲ. ಅಮ್ಮನೊಡನೆ ಬೇರೆ ದಿನ ಬರುತ್ತೇನೆ, ದುಡ್ಡು ಕೊಟ್ಟೇ ಉಣ್ಣುತ್ತೇನೆ ಎಂದು ಹೇಳಿದೆ. ಮನೆ ಕೊಂಡ ಆ ಹುಡುಗಿ ಎಷ್ಟು ಹೇಳಿದರೂ ನಾನು ಒಪ್ಪಲಿಲ್ಲ. ಆ ಮನೆಯಲ್ಲಿ ಅಮ್ಮ ಉಂಡದ್ದೆಲ್ಲ ಕೂಲಿಯ ಲೆಕ್ಕದ ಊಟ. ಒಂದು ಊಟವಾದರೂ ನಮ್ಮ ಕೈಯಿಂದ ಎಣಿಸಿ ಕೊಟ್ಟದ್ದು ಆಗಬೇಕಿತ್ತು. ಒಬ್ಬರಿಗೆ 2,800 ರೂಪಾಯಿ. ನಾನು, ನನ್ನ ಹೆಂಡತಿ, ಅಮ್ಮ. ಬ್ಯಾಂಕಿನಿಂದ ಹೊಸ ನೋಟು ತಂದಿಟ್ಟುಕೊಂಡಿದ್ದೆ.

ಅಮ್ಮನಿಗೆ ಈಗ ಎಂಬತ್ತಾರು. ಮನೆಯಿಂದ ನಿಮ್ಮ ಅಂಗಳಕ್ಕೆ ಮುನ್ನೂರು ಮೀಟರ್ ಇರಬಹುದು, ರಿಕ್ಷಾದಲ್ಲಿ ಕರೆದೊಯ್ದೆವು. ಸಂಜೆ ಏಳು ಗಂಟೆ, ಧೋ ಎಂದು ಮಳೆ. ನಾನು ಕೊಡೆ ಮಡಚುವಷ್ಟರಲ್ಲಿ ಅಮ್ಮ ಇರಲಿಲ್ಲ. ಹುಡುಕಿದರೆ, ಹಿಂದಿನ ಜಗಲಿಗೆ ಸುತ್ತಿ ಹೋಗಿ ಮೂರನೆಯ ಕಂಬಕ್ಕೆ ಒರಗಿ ಕುಳಿತಿದ್ದಳು. "ಇಲ್ಲೇ ಆಗುತ್ತದೆ, ಇಲ್ಲಿ ಎರಚಲು ಬರುವುದಿಲ್ಲ" ಎಂದಳು. ನನ್ನ ಹೆಂಡತಿ ಮಾತಾಡದೆ ಕೈಹಿಡಿದು ಎಬ್ಬಿಸಿದಳು. ಮುಂಬಾಗಿಲಿಗೆ ಬಂದಾಗ ಅಮ್ಮ ದಾರಂದವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಸೀರೆಯ ಅಂಚನ್ನು ಸ್ವಲ್ಪ ಎತ್ತಿ, ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದಳು.

ಒಳಗೆ ಹೋದ ಮೇಲೆ ಅವಳು ಮೊದಲು ಕೇಳಿದ್ದು ಉಯ್ಯಾಲೆಯನ್ನು. "ಕಿರ್ ಕಿರ್ ಎನ್ನುತ್ತಿತ್ತಲ್ಲ, ಅದು ಎಲ್ಲಿದೆ?" ನಲವತ್ತು ವರ್ಷ ಭತ್ತ ಕುಟ್ಟುತ್ತಾ ಅವಳು ಕೇಳಿದ ಸದ್ದು ಅದು. ಯಜಮಾನರು ಎದ್ದರು, ಕುಳಿತರು, ನೆಂಟರು ಬಂದರು, ಎಲ್ಲವೂ ಅವಳಿಗೆ ತಿಳಿಯುತ್ತಿದ್ದದ್ದು ಆ ಸದ್ದಿನಿಂದ. ಉಯ್ಯಾಲೆಮಂಚ ಇದ್ದಲ್ಲೇ ಇದೆ. ಸಂಕೋಲೆಗೆ ಎಣ್ಣೆ ಹಾಕಿದ್ದಾರೆ, ಸದ್ದಿಲ್ಲ. ಅಮ್ಮ ಹಲಗೆಯ ಮೇಲೆ ಅಂಗೈ ಆಡಿಸಿ, "ಇಷ್ಟು ಚಿಕ್ಕದಾ" ಎಂದಳು. ತಲೆ ಎತ್ತಿ ಮುಚ್ಚಿಗೆಯ ಕೆತ್ತನೆಯ ತಾವರೆಗಳನ್ನು ಒಂದೊಂದಾಗಿ ನೋಡಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಕೈತೊಳೆಯುವ ನೆಪದಲ್ಲಿ ಹೊರಗೆ ಹೋದೆ.

ಚಾವಡಿಯಲ್ಲಿ ಏಳೇ ಮೇಜು. ಕಾವಿಯ ನೆಲ ಹಾಗೆಯೇ ಇದೆ, ಬಿರುಕುಗಳನ್ನು ತುಂಬಿ ಕೊಬ್ಬರಿಯಿಂದ ಉಜ್ಜಿ ಹೊಳಪು ಬರಿಸಿದ್ದಾರೆ. ಬೆಳಕು ಮಾತ್ರ ಬಹಳ ಕಡಿಮೆ. ಊಟ ಕಾಣದೆ ಉಣ್ಣುವುದು ಹೇಗೆ ಎಂದು ಅಮ್ಮ ಕೇಳಿದ್ದಕ್ಕೆ ಒಂದು ಕಾಲುದೀಪ ತಂದಿಟ್ಟರು. ಈ ಮಂದ ಬೆಳಕಿನ ಅಭ್ಯಾಸವನ್ನು ಅವರು ಬಿಡಬೇಕೆಂದು ನಾನು ಹೇಳಿ ಬಂದಿದ್ದೇನೆ. ಬಡಿಸಿದ ಹುಡುಗ ಹೊಳೆಬದಿಯ ಒಕ್ಕಲಿನ ಮೊಮ್ಮಗ. ಪಕ್ಕದ ಮೇಜಿನ ಬೆಂಗಳೂರಿನವರಿಗೆ ಇಂಗ್ಲಿಷಿನಲ್ಲಿ, ಅದರಾಚೆಯ ಕಣ್ಣೂರಿನವರಿಗೆ ಮಲಯಾಳದಲ್ಲಿ, ನಮಗೆ ತುಳುವಿನಲ್ಲಿ ಪ್ರತಿ ತಿಂಡಿಯ ಬಗ್ಗೆ ಹೇಳುತ್ತಿದ್ದ. ತಿಂಡಿಗಳ ಹೆಸರು ಬರೆದ ಹಾಳೆಯಲ್ಲಿ ಕನ್ನಡ ಅಕ್ಷರವೇ ಮೇಲಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನಂತರ ಬೋರ್ಡುಗಳಿಂದ ಒಂದೊಂದಾಗಿ ಅಳಿಸಿಹೋಗುತ್ತಿರುವ ಅಕ್ಷರವನ್ನು ಆ ಹಾಳೆಯಲ್ಲಿ ಕಂಡು ನನಗೆ ಎಷ್ಟು ಸಂತೋಷವಾಯಿತೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಎಲ್ಲವನ್ನೂ ಒಟ್ಟಿಗೆ ಬಡಿಸುವುದಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು, ಎಲ್ಲವೂ ತುತ್ತಿನ ಲೆಕ್ಕ. ಮೊದಲು ಪುನರ್ಪುಳಿಯ (ಕೋಕಂ) ತಿಳಿ, ಬಿಸಿಯಾಗಿ, ಪುಟ್ಟ ಲೋಟದಲ್ಲಿ. ಮೇಲೆ ಬೆಳ್ಳುಳ್ಳಿ ಒಗ್ಗರಣೆಯ ಎರಡೇ ಹನಿ. ಆಮೇಲೆ ಪತ್ರೊಡೆ, ಮರಕೆಸುವಿನದು, ಒಂದು ಬಿಲ್ಲೆ. ಕಬ್ಬಿಣದ ಕಾವಲಿಯಲ್ಲಿ ಅಂಚು ಗರಿಗರಿಯಾಗುವಂತೆ ಕಾಯಿಸಿ ತೆಂಗಿನತುರಿ ಬೆಲ್ಲದೊಡನೆ ಕೊಟ್ಟರು. ತಜಂಕಿನ (ಚಗಟೆ) ಎಳೆಸೊಪ್ಪಿನ ವಡೆ. ತಿಮರೆಯ (ಒಂದೆಲಗ) ತಂಬುಳಿ. ಮೂರೇ ಚಮಚ ಕುಚ್ಚಲಕ್ಕಿ ಗಂಜಿ, ಕಂಚಿನ ಬಟ್ಟಲಲ್ಲಿ, ಒಂದು ಬದಿಯಲ್ಲಿ ಒಣಸಿಗಡಿಯ ಚಟ್ನಿ, ಇನ್ನೊಂದು ಬದಿಯಲ್ಲಿ ಮಾವಿನಮಿಡಿ. ಬಂಗುಡೆಯ ಪುಳಿಮುಂಚಿ, ಜೊತೆಗೆ ಕರವಸ್ತ್ರದಷ್ಟು ತೆಳ್ಳಗಿನ ನೀರುದೋಸೆ. ಮಣ್ಣಿನ ಪಾತ್ರೆಯಲ್ಲಿ ಕಣಿಲೆ, ಎಂದರೆ ಎಳೆ ಬಿದಿರು, ಮೊಳಕೆ ಬರಿಸಿದ ಹೆಸರುಕಾಳಿನೊಡನೆ. ಕೊನೆಗೆ ತೇಗದ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ, ಎಲೆಯ ಕೆಂಪು ಹಿಟ್ಟಿಗೆ ಇಳಿದಿತ್ತು.

ನೀನು ಇದನ್ನೆಲ್ಲ ಗುರುತಿಸುತ್ತೀ. ಎಲ್ಲವೂ ಆಟಿಯ, ಧೋ ಮಳೆಯ ಆ ತುಳು ತಿಂಗಳಿನ ಅಡುಗೆ. ಅಮ್ಮ ತಜಂಕಿನ ವಡೆಯನ್ನು ಮುರಿದು ವಾಸನೆ ನೋಡಿ, "ಇದನ್ನು ನಾವು ಹಸಿವಿಗೆ ತಿಂದದ್ದು" ಎಂದಳು. ಪಕ್ಕದ ಮೇಜಿನವರಿಗೂ ಕೇಳಿಸಿತು. ಆಟಿಯಲ್ಲಿ ಒಕ್ಕಲಿನ ಮನೆಗಳಲ್ಲಿ ಅಕ್ಕಿ ಮುಗಿದಿರುತ್ತಿತ್ತು, ಹೊಸ ಪೈರಿಗೆ ಇನ್ನೂ ತಿಂಗಳುಗಳಿದ್ದವು. ಗುಡ್ಡದ ಕೆಸು, ಬೇಲಿಯ ತಜಂಕು, ಬಿದಿರ ಮೆಳೆಯ ಕಣಿಲೆ, ಹಲಸಿನ ಬೀಜ ನಮ್ಮ ಹೊಟ್ಟೆಯನ್ನು ದಡ ಸೇರಿಸಿದವು. ಅದನ್ನು ಹೇಳುವಾಗ ಅಮ್ಮನ ಮುಖದಲ್ಲಿ ದುಃಖವಿರಲಿಲ್ಲ, ಕೆಲಸ ಬಲ್ಲವಳ ಗಮನ ಇತ್ತು. ಇನ್ನೊಂದು ವಡೆ ಸಿಗುತ್ತದೆಯೇ ಎಂದು ಕೇಳಿದಳು. ಕಣಿಲೆಯ ಹೋಳನ್ನು ನಾಲಗೆಯ ಮೇಲಿಟ್ಟು, "ಮೂರು ದಿನ ನೀರು ಬದಲಿಸಿದ್ದಾರೆ, ಸರಿಯಾಗಿದೆ" ಎಂದಳು. ಕಹಿಯೂ ನಂಜೂ ಹೋಗಲು ಮೂರು ದಿನ ಬೇಕೇ ಬೇಕು, ನಿನಗೂ ಗೊತ್ತು. ಆ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ದೊಡ್ಡ ಊರುಗಳ ಪ್ರಶಂಸೆ ಕೇಳಿ ಅಭ್ಯಾಸವಿದ್ದ ಆಕೆಯ ಕಣ್ಣು ಆ ಒಂದು ಮಾತಿಗೆ ತುಂಬಿತು.

ಬೆಲೆಯ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನೂ ಹೇಳುತ್ತೇನೆ. 2,800 ರೂಪಾಯಿ ಕೊಟ್ಟು ಉಣ್ಣುವ ಶಕ್ತಿ ನಮ್ಮೂರಿನಲ್ಲಿ ಕೆಲವೇ ಮನೆಗಳಿಗಿದೆ. ಹಳೆಯ ಹೊಸ್ತಿಲು ಹೋಗಿ ಹೊಸದೊಂದು ಬರಬಾರದು. ಇದನ್ನು ಅವರೆದುರು ಹೇಳಿದೆ. ಆ ಹಣ ಎಲ್ಲಿಗೆ ಹೋಗುತ್ತದೆಂದೂ ನನಗೆ ಗೊತ್ತಿದೆ: ಊರಿನ ಹನ್ನೊಂದು ಮಂದಿಗೆ ಸಂಬಳ ಬರುತ್ತದೆ, ಕೆಸುವಿನ ಎಲೆ ತಂದುಕೊಡುವ ಹೆಂಗಸರಿಗೆ ದರ ಸಿಗುತ್ತದೆ, ಬೇಸಗೆಗೊಮ್ಮೆ ಮಾಡಿಗೆ ಏಣಿ ಇಡುತ್ತಾರೆ. ಏಣಿಗೆ ದುಡ್ಡಿಲ್ಲದೇ ಅಲ್ಲವೇ ಮನೆ ಬೀಳುವ ಹಾಗಾದದ್ದು? ಆದರೂ ಭಾನುವಾರ ಮಧ್ಯಾಹ್ನ ಊರವರಿಗೆ ಗಂಜಿಯೂಟ ಇಡಿ, ಐವತ್ತು ರೂಪಾಯಿಗೆ, ಇದೇ ಚಾವಡಿಯಲ್ಲಿ, ಅಂಗಳದಲ್ಲಿ ಅಲ್ಲ ಎಂದೆ. ದೀಪಾವಳಿಯ ನಂತರ ಶುರುಮಾಡುತ್ತೇವೆ ಎಂದಿದ್ದಾರೆ. ನಾನು ಬಿಡುವವನಲ್ಲ.

ಈಗ ನಾನು ಈ ಪತ್ರ ಬರೆಯಲು ಕುಳಿತ ಮುಖ್ಯ ಕಾರಣಕ್ಕೆ ಬರುತ್ತೇನೆ.

ಊಟದ ನಡುವೆ ಉಪ್ಪುಸೊಳೆಯ, ಎಂದರೆ ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಗಸಿ ಬಂತು. ಎಲ್ಲ ತಿಂಡಿಗಳಲ್ಲಿ ಅದೊಂದು ನನಗೂ ಸಪ್ಪೆ ಎನ್ನಿಸಿತು. ಅಮ್ಮ ಒಂದು ತುತ್ತು ತಿಂದು ಬಟ್ಟಲನ್ನು ಬದಿಗೆ ಸರಿಸಿದಳು. ಆ ಹುಡುಗಿ ಬಂದು ಅಮ್ಮನ ಕುರ್ಚಿಯ ಪಕ್ಕ ನೆಲದಲ್ಲೇ ಕುಳಿತು, ಏನು ತಪ್ಪಿದೆ ಹೇಳಿ ಅಜ್ಜೀ ಎಂದು ಕೇಳಿದಳು. ಅಮ್ಮ ಹೇಳತೊಡಗಿದಳು. ಗಟ್ಟಿ ಸೊಳೆಯ ಬಕ್ಕೆ ಹಲಸೇ ಆಗಬೇಕು, ಮೆತ್ತಗಿನ ಅಂಬಲಿ ಹಲಸು ಆಗದು. ಬಲಿತಿರಬೇಕು, ಹಣ್ಣಿನ ವಾಸನೆ ಬಂದಿರಬಾರದು. ಸೊಳೆ ಬಿಡಿಸಿ, ಬೀಜ ತೆಗೆದು, ಭರಣಿಗೆ ಒಂದು ಪದರ ಸೊಳೆ ಒಂದು ಹಿಡಿ ಕಲ್ಲುಪ್ಪು, ಹೀಗೆ ತುಂಬಿ ಮೇಲೆ ಹೊಳೆಯ ಕಲ್ಲು ಹೇರಬೇಕು. ಆಟಿಯಲ್ಲಿ ತೆಗೆದು ಮೂರು ಸಲ ನೀರು ಬದಲಿಸಿ ಹಿಂಡಬೇಕು, ಆದರೆ ಪೂರ್ತಿ ಹಿಂಡಬಾರದು, ಉಪ್ಪಿನ ನೆನಪು ಉಳಿದಿರಬೇಕು. ಆ ಹುಡುಗಿ ಎಲ್ಲವನ್ನೂ ಬರೆದುಕೊಂಡಳು. "ಆಮೇಲೆ?" ಎಂದಳು.

"ಆಮೇಲೆ ಬುಟ್ಟಿಯಲ್ಲಿ ತುಂಬಿ ಹೊಸ್ತಿಲ ಮೇಲೆ ಇಡುವುದು" ಎಂದಳು ಅಮ್ಮ.

ಅವಳಿಗೆ ಗೊತ್ತಿರುವುದು ಅಷ್ಟೇ. ಪ್ರತಿ ವರ್ಷ ನೂರಾರು ಹಲಸು ಕೊಯ್ದು ಸೊಳೆ ಬಿಡಿಸಿದವಳಿಗೆ ಅಲ್ಲಿಂದ ಮುಂದೆ ಒಳಗೆ ಏನಾಗುತ್ತಿತ್ತೆಂದು ತಿಳಿಯದು. ಅವಳಿಗೆ ಆ ಗಸಿ ಸಿಕ್ಕಿದ್ದು ವರ್ಷಕ್ಕೊಮ್ಮೆ, ಆಟಿ ಅಮಾವಾಸ್ಯೆಯ ದಿನ, ಮೂರನೆಯ ಕಂಬದ ಬಳಿ. ನಮ್ಮ ಮನೆಯಲ್ಲಿ ಅದೇ ಸೊಳೆಗೆ ಮೆಣಸು ಹುಳಿ ಅರೆದು ಹಾಕಿ ಎಷ್ಟು ಸಲ ಪ್ರಯತ್ನಿಸಿದರೂ ಆ ರುಚಿ ಬರಲಿಲ್ಲವಂತೆ. ಆದರೆ ವಾಸನೆ ಹೊರಗೆ ಬರುತ್ತಿತ್ತು. ವಾಸನೆಗಳ ಸಾಲು ಅವಳಿಗೆ ಇಂದಿಗೂ ಬಾಯಿಪಾಠ. ಮೊದಲು ಕೊತ್ತಂಬರಿ ಹುರಿದದ್ದು. ಆಮೇಲೆ ಕೆಂಡದ ಮೇಲೆ ಏನನ್ನೋ ಸುಟ್ಟದ್ದು, ಸ್ವಲ್ಪ ಸಿಹಿ, ಸ್ವಲ್ಪ ಕಮಟು, ಒಣಮೀನಿನದ್ದಲ್ಲ, ಬದನೆಯದ್ದೂ ಅಲ್ಲ. ಆಮೇಲೆ ಅರೆಯುವ ಕಲ್ಲಿನ ಸದ್ದು. ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ. ಆ ಎರಡನೆಯದು ಏನು ಎಂಬುದು ಅವಳಿಗೆ ಅರುವತ್ತು ವರ್ಷಗಳಿಂದ ಬಿಡಿಸಲಾಗದ ಪ್ರಶ್ನೆ. ತೆಂಗಿನಕಾಯಿಯ ಹೋಳೇ, ಈರುಳ್ಳಿಯೇ, ಹಲಸಿನ ಬೀಜವೇ ಎಂದು ನಾವು ಮೂವರೂ ಊಹಿಸಿದೆವು. ಆ ಹುಡುಗಿ ಅಲ್ಲೇ ಹಳೆಯ ಒಲೆಯಲ್ಲಿ ಕರಟದ ಕೆಂಡ ಮಾಡಿ ಮೂರನ್ನೂ ಸುಟ್ಟು ತಂದು ಅಮ್ಮನ ಮೂಗಿಗೆ ಹಿಡಿದಳು. ಅಮ್ಮ ಕಣ್ಣು ಮುಚ್ಚಿ ನೋಡಿ, ಮೂರಕ್ಕೂ ತಲೆ ಅಲ್ಲಾಡಿಸಿದಳು.

ಒಳಗಿನ ಕಥೆ ಗೊತ್ತಿರುವವರು ಈಗ ಒಬ್ಬರೇ ಉಳಿದಿದ್ದಾರೆ, ನಿನ್ನ ಅಮ್ಮ. ವಯಸ್ಸಿನಲ್ಲಿ ಕಿರಿಯರಾದರೂ ನನ್ನ ಅಮ್ಮ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಹೊಸ್ತಿಲ ಮೇಲಿಟ್ಟ ಬುಟ್ಟಿಯನ್ನು ಒಳಗಿನಿಂದ ಬಂದು ಎತ್ತಿಕೊಳ್ಳುತ್ತಿದ್ದವರು ಅವರೇ ಅಂತೆ, ಮದುವೆಯಾಗಿ ಮುಂಬಯಿಗೆ ಹೋಗುವವರೆಗೂ. ಡೊಂಬಿವಲಿಯ ಆ ಮೂರನೆಯ ಮಹಡಿಯಲ್ಲಿ ಅವರು ಕುಳಿತಿರುವ ಕಿಟಕಿಯ ಬಳಿಗೆ ಹೋಗಿ ಒಮ್ಮೆ ಕೇಳು. ನೆನಪು ಮಾಸಿದೆ ಎಂದು ನೀನು ಹೇಳಿದ್ದು ಗೊತ್ತು. ಹೆಸರು ಕೇಳಬೇಡ. ಉಪ್ಪುಸೊಳೆಗೆ ಕೆಂಡದ ಮೇಲೆ ಏನು ಸುಡುತ್ತಿದ್ದಿರಿ ಎಂದಷ್ಟೇ ಕೇಳು. ಕೈ ತೋರಿಸಿ ಹೇಳಿದರೂ ಸಾಕು. ಎಷ್ಟು ಹೊತ್ತು ಸುಡಬೇಕು, ಸಿಪ್ಪೆ ತೆಗೆದೋ ಸಿಪ್ಪೆ ಸಹಿತವೋ, ಅದನ್ನೂ ಕೇಳು.

ಸಾಧ್ಯವಾದರೆ ಅವರನ್ನೇ ಕರೆದುಕೊಂಡು ಬಾ. ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಬಂದು ಕಾಸರಗೋಡಿನಲ್ಲಿ ಇಳಿದರೆ ನಾನು ಕಾರು ತಂದು ನಿಲ್ಲುತ್ತೇನೆ. ಆಗದಿದ್ದರೆ ಫೋನ್ ಮಾಡು, ಬೆಳಗ್ಗೆ ಹತ್ತರ ಮೊದಲು, ಆ ಹೊತ್ತಿಗೆ ಅಮ್ಮನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಆ ಹುಡುಗಿ ಒಂದು ಭರಣಿ ಸೊಳೆಯನ್ನು ಮುಟ್ಟದೆ ಎತ್ತಿಟ್ಟಿದ್ದಾಳೆ. ಆಟಿ ಮುಗಿಯಲು ಇನ್ನು ಹನ್ನೆರಡು ದಿನ ಇದೆ.

ನಿನ್ನ
ಹಳೆಯ ಬೆಂಚಿನ ಗೆಳೆಯ